ರಾಕೆಟ್ ಸರಿಯಾಗಿ ಇಳಿಯಬೇಕು: ದಾವಣಗೆರೆ, ಚಿತ್ರದುರ್ಗದ ಕಾಲೇಜು ಕ್ಲಬ್‌ಗಳಿಗೆ ಲಾಂಚ್ ದಿನದ ಮಾರ್ಗದರ್ಶಿ

ಹೊಸದಾಗಿ ರಾಕೆಟ್ ಕ್ಲಬ್ ಶುರು ಮಾಡಿದ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಎಷ್ಟು ಎತ್ತರ ಹೋಗುತ್ತೆ?" ನಾನು ಅವರಿಗೆ ಕೇಳುವುದು ಬೇರೆ: ಎಲ್ಲಿ ಇಳಿಯುತ್ತೆ, ಎಷ್ಟು ವೇಗದಲ್ಲಿ ಇಳಿಯುತ್ತೆ? ಎರಡು ಕೆಜಿ ತೂಕದ ರಾಕೆಟ್ 500 ಮೀಟರ್ ಮೇಲಿಂದ ಪ್ಯಾರಾಶೂಟ್ ಬಿಚ್ಚದೆ ಮೂತಿ ಕೆಳಗಾಗಿ ಬಿದ್ದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 200 ಕಿ.ಮೀ. ದಾಟಿರುತ್ತದೆ. ಕೆಳಗೆ ಹೊಲದಲ್ಲಿ ಕಳೆ ಕೀಳುವ ಹೆಂಗಸರಿರುತ್ತಾರೆ, ಕುರಿ ಮೇಯಿಸುವವರಿರುತ್ತಾರೆ. ಹಾಗಾಗಿ ಹೈ-ಪವರ್, ಅಂದರೆ ದೊಡ್ಡ ಮೋಟಾರಿನ ಹವ್ಯಾಸದ ರಾಕೆಟ್ ಬಗೆಗಿನ ಈ ಲೇಖನದಲ್ಲಿ ಹಾರಿಸುವುದಕ್ಕಿಂತ ಇಳಿಸುವ ಮಾತೇ ಜಾಸ್ತಿ ಇದೆ.

ಹೈ-ಪವರ್ ಅಂದರೆ ಯಾವುದು?

ರಾಕೆಟ್ ಮೋಟಾರ್‌ಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಎ, ಬಿ, ಸಿ ಅಂತ ಒಂದೊಂದು ಅಕ್ಷರ ಮುಂದೆ ಹೋದ ಹಾಗೆ ಮೋಟಾರ್ ಕೊಡುವ ಒಟ್ಟು ತಳ್ಳುಬಲದ (ಸರಾಸರಿ ಬಲವನ್ನು ಉರಿಯುವ ಸಮಯದಿಂದ ಗುಣಿಸಿದ ಲೆಕ್ಕ) ಮಿತಿ ದುಪ್ಪಟ್ಟಾಗುತ್ತದೆ. ಜಿ ಮೋಟಾರ್ ಗರಿಷ್ಠ 160 ನ್ಯೂಟನ್-ಸೆಕೆಂಡ್. ಅದನ್ನು ದಾಟಿ ಎಚ್‌ಗೆ ಬಂದರೆ ಅದು ಹೈ-ಪವರ್. ಎಚ್ 320ರ ತನಕ, ಐ 640ರ ತನಕ, ಜೆ 1280ರ ತನಕ. ಅಕ್ಷರದ ಪಕ್ಕದ ಅಂಕಿ ಸರಾಸರಿ ತಳ್ಳುಬಲ ಎಷ್ಟು ನ್ಯೂಟನ್ ಅನ್ನುವುದನ್ನು ಹೇಳುತ್ತದೆ. ಎಚ್128 ಅಂದರೆ ಸರಾಸರಿ 128 ನ್ಯೂಟನ್.

ಈ ಹವ್ಯಾಸ ಬೆಳೆದಿರುವುದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ, ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್ ಅಂತ ಎರಡು ದೊಡ್ಡ ಸಂಸ್ಥೆಗಳಿವೆ. ಅವು ಮೂರು ಹಂತದ ಪ್ರಮಾಣಪತ್ರ ಕೊಡುತ್ತವೆ. ಮೊದಲ ಹಂತಕ್ಕೆ ಎಚ್ ಮತ್ತು ಐ. ಎರಡನೆಯದಕ್ಕೆ ಜೆ, ಕೆ, ಎಲ್, ಜೊತೆಗೆ ಲಿಖಿತ ಪರೀಕ್ಷೆ. ಮೂರನೆಯದಕ್ಕೆ ಎಮ್ ಮತ್ತು ಮೇಲಿನವು. ಪ್ರತಿ ಹಂತದಲ್ಲೂ ರಾಕೆಟ್ ಹಾರಿಸಿ, ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ವಾಪಸ್ ತಂದು ತೋರಿಸಬೇಕು. ಎತ್ತರ ಎಷ್ಟಾದರೂ ಇರಲಿ, ಪ್ಯಾರಾಶೂಟ್ ಬಿಚ್ಚದಿದ್ದರೆ ಫೇಲ್. ಈ ನಿಯಮ ನನಗೆ ಬಹಳ ಇಷ್ಟ. ನಮ್ಮ ಕ್ಲಬ್‌ಗಳೂ ಇದನ್ನೇ ಹಿಡಿಯಬೇಕು.

ಮೊದಲು ಕಾನೂನು

ನಮ್ಮ ದೇಶದಲ್ಲಿ ಘನ ಇಂಧನದ ಮೋಟಾರ್ ವಿಷಯಕ್ಕೆ ಬಂದರೆ 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳು ಎದುರಾಗುತ್ತವೆ. ಇದನ್ನು ನೋಡಿಕೊಳ್ಳುವುದು ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ. ತಯಾರಿಸುವುದು, ಆಮದು ಮಾಡುವುದು, ಸಾಗಿಸುವುದು, ಇಟ್ಟುಕೊಳ್ಳುವುದು ಎಲ್ಲಕ್ಕೂ ಪರವಾನಗಿ ಬೇಕು. ಹಾಸ್ಟೆಲ್ ರೂಮಿನಲ್ಲಿ ವಿಡಿಯೊ ನೋಡಿಕೊಂಡು ಇಂಧನ ಕಾಯಿಸುವುದು, ದೀಪಾವಳಿ ಪಟಾಕಿ ಬಿಚ್ಚಿ ಮದ್ದು ತೆಗೆಯುವುದು ಯಾವುದೂ ಬೇಡ. ಅದು ಅಪರಾಧ, ಮೇಲಾಗಿ ಕೈ ಕಣ್ಣು ಹೋಗುವ ಕೆಲಸ. ಈ ವಿಷಯದಲ್ಲಿ ನಾನು ಯಾರಿಗೂ ಒಂದು ಚೂರೂ ಸಡಿಲ ಕೊಡುವುದಿಲ್ಲ.

ಹಾಗಾದರೆ ದಾರಿ ಏನು? ಅನುಮತಿ ಮತ್ತು ಮೋಟಾರ್ ಎರಡನ್ನೂ ಸಂಘಟಕರೇ ನೋಡಿಕೊಳ್ಳುವ ಕಾರ್ಯಕ್ರಮಗಳಿಗೆ ಹೋಗುವುದು. ಖಾಸಗಿಯವರ ಬಾಹ್ಯಾಕಾಶ ಕೆಲಸಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್, ಆಸ್ಟ್ರೊನಾಟಿಕಲ್ ಸೊಸೈಟಿ ಆಫ್ ಇಂಡಿಯಾ ಮತ್ತು ಇಸ್ರೊ ಜೊತೆ ಸೇರಿ ವಿದ್ಯಾರ್ಥಿಗಳಿಗೆ ಮಾಡೆಲ್ ರಾಕೆಟ್ ಮತ್ತು ಕ್ಯಾನ್‌ಸ್ಯಾಟ್ (ಡಬ್ಬಿ ಗಾತ್ರದ ಮಾದರಿ ಉಪಗ್ರಹ) ಸ್ಪರ್ಧೆ ನಡೆಸುತ್ತಿದೆ. 2025ರಲ್ಲಿ ಅದು ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ನಡೆಯಿತು. ಕಾಲೇಜಿನ ಹೆಸರಿನಲ್ಲಿ, ಒಬ್ಬ ಪ್ರಾಧ್ಯಾಪಕರ ಜವಾಬ್ದಾರಿಯಲ್ಲಿ ತಂಡ ಕಟ್ಟಿ. ನಿಮ್ಮ ಊರಲ್ಲೇ ಲಾಂಚ್ ಮಾಡುವ ಆಸೆ ಇದ್ದರೆ ಜಿಲ್ಲಾಧಿಕಾರಿ ಕಚೇರಿ, ಪೊಲೀಸ್, ಅಗ್ನಿಶಾಮಕ ಠಾಣೆ, ವಿಮಾನಯಾನ ಅಧಿಕಾರಿಗಳು ಎಲ್ಲರಿಗೂ ಲಿಖಿತವಾಗಿ ಅರ್ಜಿ ಕೊಡಬೇಕು. ಬಾಯಿಮಾತಿನ "ಆಯ್ತು ಮಾಡ್ಕೊಳ್ರಪ್ಪ" ಸಾಕಾಗಲ್ಲ. ಸಹಿ, ಮೊಹರು ಇರುವ ಕಾಗದ ಕೈಯಲ್ಲಿರಬೇಕು.

ಅದೆಲ್ಲ ಆಗುವ ತನಕ ಸುಮ್ನೆ ಕೂರಬೇಕಿಲ್ಲ. ನೀರಿನ ರಾಕೆಟ್ ಇದೆಯಲ್ಲ. ಎರಡು ಲೀಟರಿನ ಸೋಡಾ ಬಾಟಲಿ, ಮೂರನೇ ಒಂದು ಭಾಗ ನೀರು, ಒತ್ತಡ ತೋರಿಸುವ ಮೀಟರ್ ಇರುವ ಸೈಕಲ್ ಪಂಪ್, 60 ಪಿಎಸ್‌ಐ ಒಳಗಿನ ಗಾಳಿ, ದೂರದಿಂದ ದಾರ ಎಳೆದು ಬಿಡುವ ಲಾಂಚರ್. ಬರಿ ನೀರಿನ ಬಾಟಲಿ ಬೇಡ, ಗ್ಯಾಸ್ ಇರುವ ತಂಪು ಪಾನೀಯದ ಬಾಟಲಿಯೇ ಆಗಬೇಕು. ಅದು ಒತ್ತಡ ತಡೆಯುವ ಹಾಗೆ ಮಾಡಿದ್ದು. ಅದಕ್ಕೂ ಗೀರು ಬಿದ್ದಿದ್ದರೆ ಎಸೆದುಬಿಡಿ. ಇದು ಮಕ್ಕಳಾಟ ಅನ್ನಿಸಬಹುದು. ಆದರೆ ಕೆಳಗೆ ಹೇಳುವ ತಪಾಸಣೆ, ಕೌಂಟ್‌ಡೌನ್, ಹುಡುಕಾಟ ಎಲ್ಲವನ್ನೂ ಇದರಲ್ಲೇ ಅಭ್ಯಾಸ ಮಾಡಬಹುದು.

ಜಾಗ ಮತ್ತು ಕಾಲ

ಚಳ್ಳಕೆರೆ ಕಡೆಯ ಕಾವಲು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಕಣ್ಣು ಹಾಯುವಷ್ಟು ಬಯಲು. ಆದರೆ ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಇಸ್ರೊ ಮತ್ತೆ ಮತ್ತೆ ಬಳಸಬಹುದಾದ ತನ್ನ ರೆಕ್ಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ಇಳಿಯುವ ಹಾಗೆ ಮಾಡಿದ್ದು ಅಲ್ಲೇ. 2024ರಲ್ಲಿ ಅದನ್ನೇ ಇನ್ನೆರಡು ಸಲ ಮಾಡಿ ತೋರಿಸಿತು. ನಮ್ಮ ಜಿಲ್ಲೆಯ ಆಕಾಶದಲ್ಲಿ ಇಳಿಯುವ ಪರೀಕ್ಷೆ ನಡೆದದ್ದು ನನಗೆ ಹೆಮ್ಮೆಯ ವಿಷಯ. ಹಾಗಂತ ಅದರ ಅಕ್ಕಪಕ್ಕ ಹವ್ಯಾಸದ ರಾಕೆಟ್ ತರುವ ಹಾಗಿಲ್ಲ. ಡ್ರೋನ್‌ಗಳಿಗೆಂದು ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳನ್ನು ತೋರಿಸುತ್ತಾರೆ. ಜಾಗ ಹುಡುಕುವಾಗ ಮೊದಲು ಅದನ್ನು ತೆಗೆದು ನೋಡಿ. ಹಸಿರು ಇದ್ದ ಮಾತ್ರಕ್ಕೆ ರಾಕೆಟ್‌ಗೆ ಅನುಮತಿ ಸಿಕ್ಕಿತು ಅಂತಲ್ಲ. ಕೆಂಪು ಇದ್ದರೆ ಮಾತ್ರ ಆ ಕಡೆ ಯೋಚನೆಯನ್ನೇ ಬಿಡಿ.

ದಾವಣಗೆರೆ ಕಡೆ ಬೇರೆ ತೊಂದರೆ. ಭದ್ರಾ ನಾಲೆ ಹರಿಯುವಲ್ಲೆಲ್ಲ ಭತ್ತದ ಗದ್ದೆ, ಅಡಿಕೆ ತೋಟ. ಅಡಿಕೆ ತೋಟದೊಳಗೆ ಬಿದ್ದ ರಾಕೆಟ್ ಸಿಗುವುದು ಕಷ್ಟ. ಪಂಪ್‌ಸೆಟ್‌ಗಳಿಗೆ ಎಳೆದ ಕರೆಂಟ್ ತಂತಿಗಳು ಬೇರೆ. ಮೆಕ್ಕೆಜೋಳ ಕಟಾವಾದ ಮೇಲೆ ಖಾಲಿ ಬಿದ್ದಿರುವ ಮಳೆಯಾಶ್ರಿತ ಹೊಲಗಳು ಇದ್ದುದರಲ್ಲಿ ವಾಸಿ. ಅಮೆರಿಕದ ಸಂಸ್ಥೆಗಳ ನಿಯಮದ ಪ್ರಕಾರ ಮೈದಾನದ ಅತಿ ಚಿಕ್ಕ ಬದಿ ಕೂಡ ರಾಕೆಟ್ ಏರುವ ಎತ್ತರದ ಅರ್ಧದಷ್ಟಾದರೂ ಇರಬೇಕು, ಅಥವಾ ಸುಮಾರು 450 ಮೀಟರ್ ಇರಬೇಕು, ಯಾವುದು ದೊಡ್ಡದೋ ಅದು. ಒಬ್ಬ ರೈತರ ಹೊಲದಲ್ಲಿ ಅಷ್ಟು ಜಾಗ ಸಿಗಲ್ಲ. ಅಕ್ಕಪಕ್ಕದ ನಾಲ್ಕೈದು ಮನೆಯವರನ್ನು ಕೇಳಬೇಕಾಗುತ್ತದೆ. "ಗೌಡ್ರೇ, ಬೆಳಗ್ಗೆ ಹತ್ತರೊಳಗೆ ಮುಗಿಸ್ತೀವಿ, ಕಸ ಏನೂ ಬಿಡಲ್ಲ, ಬದುವಿಗೆ ಏನಾದ್ರೂ ಆದ್ರೆ ನಾವೇ ಸರಿ ಮಾಡಿ ಕೊಡ್ತೀವಿ" ಅಂತ ಮನೆಗೆ ಹೋಗಿ ಕೂತು ಮಾತಾಡಿ. ಫೋನಿನಲ್ಲಿ ಬೇಡ. ಆ ಕಡೆ ಕುರಿ ಹೊಡೆದುಕೊಂಡು ಬರುವವರು ಯಾರು ಅಂತ ಅವರ ಹತ್ತಿರವೇ ಕೇಳಿ ತಿಳಿದುಕೊಳ್ಳಿ. ಕುರಿಗಾಹಿಗಳಿಗೆ ಹಿಂದಿನ ದಿನವೇ ವಿಷಯ ಮುಟ್ಟಿಸಿ.

ಕಾಲದ ಮಾತಿಗೆ ಬಂದರೆ, ಆಷಾಢದ ಗಾಳಿಯಲ್ಲಿ ಈ ಕೆಲಸ ಬೇಡವೇ ಬೇಡ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಅಮೆರಿಕದ ಆ ಸುರಕ್ಷತಾ ನಿಯಮ ಗಂಟೆಗೆ 32 ಕಿ.ಮೀ. ಗಾಳಿಯ ತನಕ ಬಿಡುತ್ತದೆ. ಹೊಸ ಕ್ಲಬ್‌ಗಳು 15ಕ್ಕೇ ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಗಾಳಿ ಕಡಿಮೆ, ಆಕಾಶ ತಿಳಿ, ಬೆಳೆಯೂ ಕಟಾವಾಗಿರುತ್ತದೆ. ಮಾರ್ಚ್ ಬಂತೆಂದರೆ ಒಣ ಹುಲ್ಲಿಗೆ ಕಿಡಿ ತಾಗುವ ಭಯ.

ಬೆಂಕಿಯ ಬಗ್ಗೆ ಇಷ್ಟು ನೆನಪಿಡಿ: ಪ್ಯಾಡ್, ಅಂದರೆ ರಾಕೆಟ್ ನಿಲ್ಲಿಸಿ ಹಾರಿಸುವ ಜಾಗದ ಸುತ್ತ ಕನಿಷ್ಠ 15 ಮೀಟರ್ ಅಗಲದ ವೃತ್ತದಲ್ಲಿ ಹುಲ್ಲು, ಕೂಳೆ ಎಲ್ಲ ಕೆತ್ತಿ ಬರಿ ಮಣ್ಣು ಮಾಡಿ. ಮೋಟಾರಿನ ಉರಿ ನೆಲಕ್ಕೆ ತಾಗದ ಹಾಗೆ ಕೆಳಗೆ ಕಬ್ಬಿಣದ ತಟ್ಟೆ ಇರಲಿ. ನೀರಿನ ಡ್ರಮ್, ಒದ್ದೆ ಗೋಣಿಚೀಲ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇಡಿ. ಹತ್ತಿರ ಎಲ್ಲಿಯಾದರೂ ಹುಲ್ಲಿನ ಬಣವೆ ಇದ್ದರೆ ಆ ಜಾಗ ಬಿಟ್ಟು ಬೇರೆ ನೋಡಿ.

ರಾಕೆಟ್ ನೆಟ್ಟಗೆ ಹೋಗಬೇಕಾದರೆ

ಎರಡು ಬಿಂದು ಗೊತ್ತಿರಬೇಕು. ಒಂದು ತೂಕದ ಕೇಂದ್ರ, ಇನ್ನೊಂದು ಗಾಳಿಯ ಒತ್ತಡದ ಕೇಂದ್ರ, ಅಂದರೆ ಗಾಳಿಯ ಬಲವೆಲ್ಲ ಒಟ್ಟಾಗಿ ತಾಗುವ ಬಿಂದು. ತೂಕದ ಕೇಂದ್ರ ಯಾವಾಗಲೂ ಒತ್ತಡದ ಕೇಂದ್ರಕ್ಕಿಂತ ಮುಂದೆ, ಮೂತಿಯ ಕಡೆಗಿರಬೇಕು. ಎಷ್ಟು ಮುಂದೆ? ರಾಕೆಟ್ ಕೊಳವೆಯ ವ್ಯಾಸದ ಒಂದರಿಂದ ಎರಡು ಪಟ್ಟು. ಕೊಳವೆ 10 ಸೆಂ.ಮೀ. ಅಗಲ ಇದ್ದರೆ 10ರಿಂದ 20 ಸೆಂ.ಮೀ. ಮುಂದೆ. ಮೋಟಾರ್, ಪ್ಯಾರಾಶೂಟ್, ಬ್ಯಾಟರಿ ಎಲ್ಲ ತುಂಬಿದ ಮೇಲೆ ರಾಕೆಟ್‌ಗೆ ದಾರ ಕಟ್ಟಿ ತೂಗುಹಾಕಿ. ಯಾವ ಜಾಗದಲ್ಲಿ ಅಡ್ಡಡ್ಡ ನಿಲ್ಲುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಒತ್ತಡದ ಕೇಂದ್ರವನ್ನು ಓಪನ್‌ರಾಕೆಟ್ ಅನ್ನುವ ಉಚಿತ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುತ್ತದೆ. ಅದನ್ನೂ ಕೊಳವೆಯ ಮೇಲೆ ಗುರುತಿಸಿ. ತಪಾಸಣೆ ಮಾಡುವವರು ಮೊದಲು ನೋಡುವುದೇ ಈ ಎರಡು ಗುರುತು.

ಈ ಅಂತರ, ಅಂದರೆ ಸ್ಥಿರತೆ, ಮಿತಿಮೀರಿ ಜಾಸ್ತಿ ಆದರೂ ತೊಂದರೆಯೇ. ಗಾಳಿ ಬೀಸುವ ದಿಕ್ಕಿಗೆ ಮೂತಿ ತಿರುಗಿಸಿ ಓರೆಯಾಗಿ ಓಡುತ್ತದೆ.

ಇನ್ನು ತಳ್ಳುಬಲ. ರಾಕೆಟ್ ತೂಕದ ಐದು ಪಟ್ಟಾದರೂ ಸರಾಸರಿ ತಳ್ಳುಬಲ ಇರಬೇಕು. ಎರಡು ಕೆಜಿ ರಾಕೆಟ್ ಅಂದರೆ ಸುಮಾರು 20 ನ್ಯೂಟನ್. ಐದು ಪಟ್ಟು ಅಂದರೆ 100. ಎಚ್128 ಅದಕ್ಕೆ ಸಾಕು. ಮೋಟಾರ್ ಬಲ ಕಡಿಮೆಯಾದರೆ ರಾಕೆಟ್ ರೇಲ್ (ರಾಕೆಟ್ ಜಾರಿಕೊಂಡು ಏರುವ ಕಂಬ) ಬಿಡುವಾಗ ಸೆಕೆಂಡಿಗೆ 15 ಮೀಟರಿನಷ್ಟು ವೇಗ ಸಿಗಲ್ಲ. ಆ ವೇಗ ಇಲ್ಲದಿದ್ದರೆ ಫಿನ್‌ಗಳಿಗೆ, ಅಂದರೆ ಬಾಲದ ರೆಕ್ಕೆಗಳಿಗೆ, ಗಾಳಿಯ ಹಿಡಿತ ಇರುವುದಿಲ್ಲ, ರಾಕೆಟ್ ಎತ್ತಲೋ ತಿರುಗುತ್ತದೆ.

ದೇಹಕ್ಕೆ ಕಾಗದದ ಗಟ್ಟಿ ಕೊಳವೆ, ಪ್ಲೈವುಡ್, ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಬಳಸಿ. ಕಬ್ಬಿಣದ ಪೈಪ್ ಯಾವ ಕಾರಣಕ್ಕೂ ಬೇಡ.

ಇಳಿಸುವ ವ್ಯವಸ್ಥೆ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಮೊದಲು ಪ್ಯಾರಾಶೂಟ್ ಅಳತೆ. ಎರಡು ಕೆಜಿ ರಾಕೆಟ್‌ಗೆ 1.2 ಮೀಟರ್ ವ್ಯಾಸದ ದುಂಡು ಪ್ಯಾರಾಶೂಟ್ ಹಾಕಿದರೆ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಇಳಿಯುತ್ತದೆ. ಉತ್ತ ಹೊಲಕ್ಕೆ ಇದು ಸರಿ. ಕಲ್ಲು ನೆಲವಾದರೆ ಇನ್ನೂ ಸ್ವಲ್ಪ ದೊಡ್ಡದು ಬೇಕು. ಆದರೆ ದೊಡ್ಡದಾದಷ್ಟೂ ಗಾಳಿಗೆ ದೂರ ಹೋಗುತ್ತದೆ. ಲೆಕ್ಕ ಮಾಡಿ ನೋಡಿ. 600 ಮೀಟರಿನಿಂದ ಸೆಕೆಂಡಿಗೆ 6 ಮೀಟರಿನಂತೆ ಇಳಿಯಲು 100 ಸೆಕೆಂಡ್ ಬೇಕು. ಗಾಳಿ ಗಂಟೆಗೆ 18 ಕಿ.ಮೀ. ಇದ್ದರೆ, ಅಂದರೆ ಸೆಕೆಂಡಿಗೆ 5 ಮೀಟರ್, ರಾಕೆಟ್ ಅರ್ಧ ಕಿಲೋಮೀಟರ್ ಆಚೆ ಬೀಳುತ್ತದೆ. ಅಲ್ಲಿ ಹೆದ್ದಾರಿ ಇದ್ದರೆ?

ಅದಕ್ಕೇ ಎರಡು ಹಂತದಲ್ಲಿ ಇಳಿಸುವುದು. ತುತ್ತತುದಿ ಮುಟ್ಟಿದಾಗ ಒಂದು ಸಣ್ಣ ಪ್ಯಾರಾಶೂಟ್ ಮಾತ್ರ ಬಿಚ್ಚುತ್ತದೆ. ಅದರಲ್ಲಿ ಸೆಕೆಂಡಿಗೆ 20 ಮೀಟರಿನಂತೆ ಬೇಗ ಕೆಳಗೆ ಬರುತ್ತದೆ. 150 ಮೀಟರಿಗೆ ಬಂದಾಗ ದೊಡ್ಡದು ಬಿಚ್ಚುತ್ತದೆ. ಒಟ್ಟು 50 ಸೆಕೆಂಡಿನೊಳಗೆ ನೆಲ. ಅದೇ ಗಾಳಿಗೆ ಈಗ 240 ಮೀಟರ್ ಆಸುಪಾಸಿನಲ್ಲಿ ಬೀಳುತ್ತದೆ. ನಮ್ಮಂತಹ ತುಂಡು ಹೊಲಗಳ ಊರಿಗೆ ಇದೇ ಸರಿಯಾದ ದಾರಿ.

ಈ ಕೆಲಸ ಮಾಡಿಸುವುದು ಆಲ್ಟಿಮೀಟರ್. ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಪುಟ್ಟ ಬೋರ್ಡ್. ಪ್ಯಾಡ್ ಮೇಲೆ ಇರುವಾಗಿನ ಒತ್ತಡವನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ. ಆದ್ದರಿಂದ ಚಿತ್ರದುರ್ಗ ಸಮುದ್ರ ಮಟ್ಟದಿಂದ 700 ಮೀಟರಿಗೂ ಮೇಲಿದ್ದರೂ ಲೆಕ್ಕ ತಪ್ಪುವುದಿಲ್ಲ. ಆದರೆ ಅದು ಕೂತಿರುವ ಕೋಣೆಗೆ ಹೊರಗಿನ ಗಾಳಿ ತಾಗಲು ಸಣ್ಣ ರಂಧ್ರ ಇರಲೇಬೇಕು. ಬಣ್ಣ ಹೊಡೆಯುವಾಗ ಈ ರಂಧ್ರ ಮುಚ್ಚಿಹೋಗುವುದುಂಟು, ಸೂಜಿ ಹಾಕಿ ನೋಡಿ. ಬ್ಯಾಟರಿ ಪ್ರತಿ ಸಲ ಹೊಸದು. ಅದನ್ನು ಕೇಬಲ್ ಟೈನಿಂದ ಬಿಗಿಯಾಗಿ ಕಟ್ಟಿ. ಏರುವಾಗಿನ ಎಳೆತಕ್ಕೆ ಬ್ಯಾಟರಿ ಕಳಚಿದರೆ ಪ್ಯಾರಾಶೂಟ್‌ಗೆ ಆದೇಶ ಕೊಡುವವರೇ ಇಲ್ಲ. ಪ್ಯಾರಾಶೂಟ್ ಹೊರತಳ್ಳುವ ಮದ್ದನ್ನು ಅನುಮತಿ ಇರುವ ಅನುಭವಸ್ಥರೇ ತುಂಬಬೇಕು. ನೆಲದ ಮೇಲೆ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ಅದನ್ನು ಮೊದಲೇ ಪರೀಕ್ಷೆ ಮಾಡಿಸಿ.

ಮಡಚುವ ಕ್ರಮ ಹೀಗೆ. ಪ್ಯಾರಾಶೂಟನ್ನು ಚಾಪೆಯ ಮೇಲೆ ಹರಡಿ, ಹಗ್ಗಗಳನ್ನೆಲ್ಲ ಒಂದೇ ಕಡೆಗೆ ಎಳೆದು ಗಂಟಿಲ್ಲದ ಹಾಗೆ ನೀಟಾಗಿಸಿ. ಬಟ್ಟೆಯನ್ನು ಸೀರೆ ನೆರಿಗೆ ಹಿಡಿದ ಹಾಗೆ ಒಂದರ ಮೇಲೊಂದು ಮಡಚಿ, ಉದ್ದಕ್ಕೆ ಸಣ್ಣ ಪಟ್ಟಿ ಮಾಡಿ. ಆ ಪಟ್ಟಿಯನ್ನು ಇಂಗ್ಲಿಷಿನ ಜ಼ಡ್ ಆಕಾರದಲ್ಲಿ ಮಡಚಿ, ಹಗ್ಗವನ್ನು ಅದರ ಸುತ್ತ ಸಡಿಲವಾಗಿ ಸುತ್ತಿ. ಬಿಗಿಯಾಗಿ ಸುತ್ತಿದರೆ ಮೇಲೆ ಬಿಚ್ಚದೆ ಹಾಗೇ ಮುದ್ದೆಯಾಗಿ ಬರುತ್ತದೆ. ಆಮೇಲೆ ಉರಿ ತಡೆಯುವ ಬಟ್ಟೆಯಲ್ಲಿ ಸುತ್ತಿ ಕೊಳವೆಗೆ ಇಳಿಸಿ. ಬೆರಳಿನಿಂದ ತುರುಕಬೇಕಾಗಿ ಬಂತು ಅಂದರೆ ಬಿಗಿಯಾಗಿದೆ ಅಂತ ಅರ್ಥ. ಹೊರಗೆ ತೆಗೆದು ಮತ್ತೆ ಮಡಚಿ. ಕೊಳವೆ ಬಗ್ಗಿಸಿದರೆ ತಾನಾಗಿ ಜಾರಿ ಬರಬೇಕು, ಅಷ್ಟು ಸಡಿಲ ಸಾಕು. ರಾಕೆಟ್‌ನ ಭಾಗಗಳನ್ನು ಜೋಡಿಸುವ ಶಾಕ್ ಕಾರ್ಡ್ ಎನ್ನುವ ಹಗ್ಗ ರಾಕೆಟ್ ಉದ್ದದ ಮೂರು ಪಟ್ಟಾದರೂ ಇರಲಿ. ಮೂತಿಯನ್ನು ಹಿಡಿದು ಎತ್ತಿದರೆ ರಾಕೆಟ್ ಕಳಚಿ ಬೀಳಬಾರದು, ಸ್ವಲ್ಪ ಅಲ್ಲಾಡಿಸಿದರೆ ಬಿಡಬೇಕು. ಬಿಗಿ ಸಾಲದಿದ್ದರೆ ಒಂದು ಸುತ್ತು ಟೇಪ್ ಹಾಕಿ.

ಲಾಂಚ್ ದಿನ

ಒಬ್ಬರು ಸುರಕ್ಷತಾ ಅಧಿಕಾರಿ, ಒಬ್ಬರು ಲಾಂಚ್ ನಿಯಂತ್ರಿಸುವವರು. ಈ ಎರಡು ಕೆಲಸ ಒಬ್ಬರಿಗೇ ಕೊಡಬೇಡಿ. ಸುರಕ್ಷತಾ ಅಧಿಕಾರಿ ಬೇಡ ಅಂದರೆ ಬೇಡ. ಪ್ರಿನ್ಸಿಪಾಲರು ಬಂದು ಕಾಯುತ್ತಿದ್ದರೂ, ಟಿವಿಯವರು ಕ್ಯಾಮೆರಾ ಹಿಡಿದು ನಿಂತಿದ್ದರೂ ಆ ಮಾತು ಬದಲಾಗಬಾರದು.

ಪ್ರತಿ ರಾಕೆಟ್‌ಗೂ ಒಂದು ಚೀಟಿ. ಅದರಲ್ಲಿ ಹೆಸರು, ರಾಕೆಟ್ ತೂಕ, ಮೋಟಾರ್, ನಿರೀಕ್ಷಿಸಿದ ಎತ್ತರ, ಪ್ಯಾರಾಶೂಟ್ ಅಳತೆ. ತಪಾಸಣೆ ಮೇಜಿನ ಮೇಲೆ ರಾಕೆಟ್ ಇಟ್ಟು ಫಿನ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡುತ್ತಾರೆ. ಒಂದು ಚೂರು ಅಲ್ಲಾಡಿದರೂ ಅವತ್ತು ಹಾರಾಟ ಇಲ್ಲ.

ಪ್ಯಾಡ್ ಹತ್ತಿರ ಇಬ್ಬರೇ ಹೋಗಿ. ರಾಕೆಟನ್ನು ರೇಲ್‌ಗೆ ಏರಿಸಿ ನೆಟ್ಟಗೆ ನಿಲ್ಲಿಸಿ. ಜನರಿಂದ ಆಚೆಗೆ ಸ್ವಲ್ಪ ವಾಲಿಸಬಹುದು, ಆದರೆ ನೇರದಿಂದ 20 ಡಿಗ್ರಿ ದಾಟಬಾರದು. ನೆಟ್ಟಗೆ ನಿಂತ ಮೇಲೆ ಆಲ್ಟಿಮೀಟರ್ ಆನ್ ಮಾಡಿ, ಬೀಪ್ ಸದ್ದು ಎಣಿಸಿ. ಎರಡೂ ಪ್ಯಾರಾಶೂಟಿನ ಸರ್ಕಿಟ್ ಸರಿ ಇದೆ ಅಂತ ಬೀಪ್ ಹೇಳಬೇಕು. ಇಗ್ನೈಟರ್, ಅಂದರೆ ಮೋಟಾರ್ ಹೊತ್ತಿಸುವ ವೈರ್ ಹಾಕುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಲಾಂಚ್ ಪೆಟ್ಟಿಗೆಯ ಸುರಕ್ಷತಾ ಕೀಲಿ ಪ್ಯಾಡ್‌ಗೆ ಬಂದವರ ಜೇಬಿನಲ್ಲೇ ಇರಬೇಕು. ಕೀಲಿ ನಿಮ್ಮ ಹತ್ತಿರ ಇದ್ದರೆ ದೂರದಲ್ಲಿ ಯಾರೋ ತಿಳಿಯದೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ.

ಎಚ್, ಐ, ಜೆ ಮೋಟಾರ್‌ಗಳಿಗೆ ಜನ ಕನಿಷ್ಠ 30 ಮೀಟರ್ ದೂರ ಇರಬೇಕು ಅಂತ ಅಮೆರಿಕದ ನಿಯಮ. ಕೆ ಮೋಟಾರಿಗೆ 60, ಎಲ್‌ಗೆ 90, ಎಮ್‌ಗೆ 150. ನಮ್ಮ ಜನಕ್ಕೆ ಕುತೂಹಲ ಜಾಸ್ತಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ಮುಂದೆ ಬರುತ್ತಾರೆ. ಹಗ್ಗ ಕಟ್ಟಿ, ಎನ್‌ಸಿಸಿ ಹುಡುಗರನ್ನು ನಿಲ್ಲಿಸಿ, ದೂರವನ್ನು ಎರಡು ಮೂರು ಪಟ್ಟು ಮಾಡಿಕೊಳ್ಳಿ. ಎಲ್ಲರೂ ಎದ್ದು ನಿಂತಿರಬೇಕು, ಶಾಮಿಯಾನದ ಒಳಗೆ ಯಾರೂ ಕೂರಬಾರದು. ಮೇಲಿಂದ ಬರುವುದು ಕಾಣಿಸಬೇಕಲ್ಲ.

ಮೈಕಿನಲ್ಲಿ ರಾಕೆಟ್ ಹೆಸರು ಹೇಳಿ, ಆಕಾಶ ಮತ್ತು ಹೊಲ ಎರಡೂ ಖಾಲಿ ಇವೆ ಅಂತ ಖಚಿತ ಮಾಡಿಕೊಂಡು, ಐದರಿಂದ ಜೋರಾಗಿ ಎಣಿಸಿ. ಗುಂಡಿ ಒತ್ತಿದ ಮೇಲೆ ಹೊತ್ತಿಕೊಳ್ಳದಿದ್ದರೆ ಯಾರೂ ಓಡಬಾರದು. ಕೀಲಿ ತೆಗೆಯಿರಿ, ಪೂರ್ತಿ 60 ಸೆಕೆಂಡ್ ಕಾಯಿರಿ, ಆಮೇಲೆ ಒಬ್ಬರೇ ಹೋಗಿ. ಪ್ಯಾರಾಶೂಟ್ ಬಿಚ್ಚಲಿಲ್ಲ ಅಂತ ಕಂಡ ತಕ್ಷಣ ಮೈಕಿನಲ್ಲಿ "ಎಲ್ಲರೂ ಮೇಲೆ ನೋಡಿ" ಅಂತ ಕೂಗಿ, ಎಲ್ಲಿಗೆ ಬರುತ್ತಿದೆ ಅಂತ ಕೈ ತೋರಿಸಿ.

ಹುಡುಕಿ ತರುವುದು

ಇಬ್ಬರು ಒಬ್ಬರಿಂದೊಬ್ಬರು ದೂರ ನಿಂತು ನೋಡಲಿ. ರಾಕೆಟ್ ಬಿದ್ದ ದಿಕ್ಕಿನಲ್ಲಿ ಹಿಂದೆ ಕಾಣುವ ಒಂದು ಗುರುತು ಹಿಡಿದುಕೊಳ್ಳಲಿ. ಒಂದು ಬೇವಿನ ಮರ, ಒಂದು ಗಾಳಿಯಂತ್ರದ ಕಂಬ, ಏನಾದರೂ ಆಗಬಹುದು. ಇಬ್ಬರ ಗೆರೆ ಎಲ್ಲಿ ಕೂಡುತ್ತದೋ ಅಲ್ಲಿ ಹುಡುಕಿ. ರೇಂಜ್ ಮುಚ್ಚಿದೆ (ಹಾರಿಸುವುದು ನಿಂತಿದೆ), ಹೋಗಬಹುದು ಅಂತ ಹೇಳುವ ತನಕ ಯಾರೂ ಹೊಲಕ್ಕೆ ಇಳಿಯಬಾರದು.

ಸಿಕ್ಕ ತಕ್ಷಣ ಎತ್ತಿಕೊಳ್ಳಬೇಡಿ. ಮೊದಲು ಬಿದ್ದ ಹಾಗೆಯೇ ಫೋಟೊ ತೆಗೆಯಿರಿ. ಒಂದು ಪ್ಯಾರಾಶೂಟ್ ಬಿಚ್ಚಿರದಿದ್ದರೆ ಅದರ ಮದ್ದು ಇನ್ನೂ ಒಳಗಿದೆ ಅಂತಲೇ ತಿಳಿಯಿರಿ. ಕೊಳವೆಯ ಬಾಯಿಗೆ ಮುಖ ಕೊಡದೆ ಪಕ್ಕದಿಂದ ಬಂದು ಸ್ವಿಚ್ ಆಫ್ ಮಾಡಿ, ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ. ಕರೆಂಟ್ ತಂತಿಗೆ ಸಿಕ್ಕಿಕೊಂಡಿದ್ದರೆ ಕೋಲು ಹಾಕುವುದು, ಕಂಬ ಹತ್ತುವುದು ಎರಡೂ ಬೇಡ. ಬೆಸ್ಕಾಂಗೆ ಫೋನ್ ಮಾಡಿ, ಅವರು ಲೈನ್ ಆಫ್ ಮಾಡಿ ತೆಗೆದುಕೊಡುವ ತನಕ ಕಾಯಿರಿ. ರಾಕೆಟ್ ಹೋದರೂ ಪರವಾಗಿಲ್ಲ.

ವಾಪಸ್ ಬಂದು ಚೀಟಿಯ ಹಿಂಭಾಗದಲ್ಲಿ ಬರೆಯಿರಿ: ಲೆಕ್ಕ ಹಾಕಿದ ಎತ್ತರ ಎಷ್ಟು, ಆಲ್ಟಿಮೀಟರ್ ಹೇಳಿದ್ದು ಎಷ್ಟು, ಪ್ಯಾಡ್‌ನಿಂದ ಎಷ್ಟು ದೂರ ಬಿತ್ತು, ಗಾಳಿ ಎಷ್ಟಿತ್ತು, ಏನು ಮುರಿಯಿತು. ಒಂದು ಫೈಲಿನಲ್ಲಿ ಈ ಚೀಟಿಗಳನ್ನೆಲ್ಲ ಜೋಡಿಸಿಡಿ. ಮುಂದಿನ ವರ್ಷದ ಹೊಸ ಬ್ಯಾಚ್‌ಗೆ ಪ್ಯಾರಾಶೂಟ್ ಅಳತೆ ನಿರ್ಧರಿಸಲು ಯಾವ ಪುಸ್ತಕಕ್ಕಿಂತಲೂ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೊರಡುವ ಮೊದಲು ಇಗ್ನೈಟರ್ ವೈರ್, ಟೇಪ್ ಚೂರು, ನೀರಿನ ಬಾಟಲಿ ಎಲ್ಲ ಆಯ್ದುಕೊಳ್ಳಿ. ವೈರ್ ಚೂರು ದನದ ಹೊಟ್ಟೆಗೆ ಹೋಗಬಾರದು. ಕೆತ್ತಿದ ಜಾಗ ಸರಿ ಮಾಡಿ, ಹೊಲದ ಯಜಮಾನರನ್ನು ಕರೆದು ಒಂದು ಸಲ ತೋರಿಸಿ ಬನ್ನಿ.